ಕೇಡಗಾಂವ್‌ನಲ್ಲಿ ಕೇಳಿಸಿದ ಅನ್ಯಭಾಷೆ

ಪೆಂಟೆಕೋಸ್ಟಲ್ ಸಭೆಗಳ ಆರಾಧನೆಯಲ್ಲಿ ಕೇಳಿಬರುವ ಅನ್ಯಭಾಷೆ ಆಡುವವರಿಗೇ ಅರ್ಥವಾಗದ ಮಾತು. ಅದು ಪವಿತ್ರಾತ್ಮನ ವರ, ಅದರ ಅರ್ಥ ಹೇಳುವುದು ಇನ್ನೊಂದು ವರ ಎಂಬುದು ವಿಶ್ವಾಸಿಗಳ ನಂಬಿಕೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ ಪೌಲನು ಇದಕ್ಕೊಂದು ಕಟ್ಟುಪಾಡು ಹಾಕಿದ್ದಾನೆ: ಹೆಚ್ಚೆಂದರೆ ಮೂವರು ಸರದಿಯಂತೆ ಮಾತಾಡಬೇಕು. ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಬೇಕು.

ಈ ಆಚರಣೆಯ ಆಧುನಿಕ ಚರಿತ್ರೆಯನ್ನು ಅಮೆರಿಕದಿಂದ ಆರಂಭಿಸುವುದು ರೂಢಿ. 1901ರ ಜನವರಿ 1ರಂದು ಕ್ಯಾನ್ಸಸ್‌ನ ಟೊಪೀಕಾದಲ್ಲಿ ಬೋಧಕ ಚಾರ್ಲ್ಸ್ ಪರ್ಹಮ್‌ನ ಶಿಷ್ಯೆ ಆಗ್ನೆಸ್ ಓಜ್ಮನ್ ಅನ್ಯಭಾಷೆ ಆಡಿದಳು, 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ಕರಿಯ ಬೋಧಕ ವಿಲಿಯಂ ಸೀಮರ್‌ನ ಸಭೆಗಳಲ್ಲಿ ಅದು ಮತ್ತೆ ಕೇಳಿಬಂತು. ಪುಣೆ ಬಳಿಯ ಕೇಡಗಾಂವ್‌ಗೆ ಈ ಕಥೆಯಲ್ಲಿ ಒಂದು ಅಡಿಟಿಪ್ಪಣಿ ಸಿಕ್ಕರೆ ಹೆಚ್ಚು. ಇದು ದೊಡ್ಡ ಅನ್ಯಾಯ.

ಅಲ್ಲಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ, 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರದು ಕಾರ್ಕಳದ ಮಾಳ. ವಿಧವೆಯರು, ಬರಗಾಲದಲ್ಲಿ ದಿಕ್ಕಿಲ್ಲದಾದ ಹುಡುಗಿಯರು ರಮಾಬಾಯಿಯವರ ಆಸರೆಯಲ್ಲಿದ್ದರು. 1905ರ ಜೂನ್ 29ರ ನಸುಕಿನಲ್ಲಿ ಹುಡುಗಿಯೊಬ್ಬಳು ತನ್ನ ಮೇಲೆ ಬೆಂಕಿ ಇಳಿಯಿತೆಂದು ಉಳಿದವರನ್ನು ಎಬ್ಬಿಸಿದಳು. ಜೊತೆಗಾತಿಯ ಕಣ್ಣಿಗೂ ಬೆಂಕಿ ಕಂಡು, ಅವಳು ಬಕೆಟ್ಟಿನಲ್ಲಿ ನೀರು ತಂದು ಇನ್ನೇನು ಸುರಿಯಬೇಕು, ಅಷ್ಟರಲ್ಲಿ ಮೈ ಸುಟ್ಟಿಲ್ಲವೆಂದು ಗೊತ್ತಾಯಿತು. ಅಲ್ಲೇ ಸೇವೆಗಿದ್ದ ಮಿನ್ನಿ ಏಬ್ರಮ್ಸ್ ಇದನ್ನು ಬರೆದಿಟ್ಟಿದ್ದಾರೆ. 1906ರ ಹೊತ್ತಿಗೆ ಅನ್ಯಭಾಷೆಯೂ ಕೇಳಿಸಿತು. ಇಂಗ್ಲಿಷ್ ಬಾರದ ಹುಡುಗಿ ಇಂಗ್ಲಿಷಿನಲ್ಲಿ ಪ್ರಾರ್ಥಿಸಿದಳೆಂಬ ಸಾಕ್ಷ್ಯಗಳೂ ಇವೆ.

ಭಿನ್ನಮತವೂ ಇಲ್ಲಿಂದಲೇ. ಪವಿತ್ರಾತ್ಮನ ಅಭಿಷೇಕವಾಯಿತೆಂಬುದಕ್ಕೆ ಅನ್ಯಭಾಷೆಯೇ ಗುರುತು ಎಂದು ಪರ್ಹಮ್ ಪಟ್ಟು ಹಿಡಿದಿದ್ದ. ಅದು ವರಗಳಲ್ಲಿ ಒಂದು, ಎಲ್ಲರಿಗೂ ಬರಲೇಬೇಕೆಂದಿಲ್ಲ ಎಂಬುದು ರಮಾಬಾಯಿಯವರ ನಿಲುವು. ಹೆಚ್ಚು ಉದಾರವಾದ ಈ ಮಾತನ್ನು ಚರಿತ್ರೆಕಾರರು ಬಹುಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. ಏಬ್ರಮ್ಸ್ ಈ ಅನುಭವ ಕುರಿತ ತಮ್ಮ ಪುಸ್ತಕವನ್ನು ಚಿಲಿ ದೇಶದಲ್ಲಿದ್ದ ಗೆಳತಿಗೆ ಕಳಿಸಿ, ಆ ಮೂಲಕ ಅಲ್ಲಿನ ಪೆಂಟೆಕೋಸ್ಟಲ್ ಚಳವಳಿಗೆ ಪ್ರೇರಣೆಯಾದದ್ದೂ ಹಾಗೆಯೇ ಮರೆಯಾಯಿತು.

ಪರ್ಹಮ್‌ನ ಇನ್ನೊಂದು ನಂಬಿಕೆ ಕಲ್ಕತ್ತೆಯಲ್ಲಿ ಮುರಿದುಬಿತ್ತು. ಅನ್ಯಭಾಷೆ ನಿಜವಾದ ಪರದೇಶದ ಭಾಷೆ, ಕಲಿಯದೆಯೇ ಅದರಲ್ಲಿ ಸುವಾರ್ತೆ ಸಾರಬಹುದು ಎಂದು ಅವನು ಬೋಧಿಸುತ್ತಿದ್ದ. ಅಜೂಸಾದಿಂದ ಹೊರಟ ಆಲ್ಫ್ರೆಡ್ ಗಾರ್ ತನಗೆ ಬಂಗಾಳಿ ದೊರೆತಿದೆಯೆಂದೇ ನಂಬಿ ಬಂದ. ಅವನ ಮಾತು ಬಂಗಾಳಿಗಳಿಗೆ ತಿಳಿಯಲಿಲ್ಲ. 1907ರಲ್ಲಿ ಹಾಂಗ್‌ಕಾಂಗ್‌ಗೆ ಹೋದಾಗ ಅವನ ಬೋಧನೆಯನ್ನು ಚೀನೀ ಭಾಷೆಗೆ ತಂದವರು ಮೋಕ್ ಲೈ ಚಿ ಎಂಬ ಶಿಕ್ಷಕರು. ಗಾರ್ ಅನ್ಯಭಾಷೆಯನ್ನು ಬಿಡಲಿಲ್ಲ. ಅದು ಸ್ತುತಿ, ಪ್ರಾರ್ಥನೆಗೆ ಎಂದು ತಿಳಿದುಕೊಂಡ. ಇತರರೂ ಕ್ರಮೇಣ ಅದೇ ದಾರಿ ಹಿಡಿದರು.

ಇಂದಿನ ಆರಾಧನೆಗಳಲ್ಲಿ ಎಲ್ಲರೂ ಒಟ್ಟಿಗೆ ಪ್ರಾರ್ಥಿಸುತ್ತಿರುವಾಗ ಒಂದು ದನಿ ಮೇಲೇಳುತ್ತದೆ, ಉಳಿದವರು ತಗ್ಗುತ್ತಾರೆ. ಅದು ನಿಂತ ಮೇಲೆ ಬೇರೊಬ್ಬರು, ಕೆಲವೊಮ್ಮೆ ಆಡಿದವರೇ, ಸಭೆಯ ಭಾಷೆಯಲ್ಲಿ ಅರ್ಥ ಹೇಳುತ್ತಾರೆ. ಬಹಳ ಸಲ ದೇವರೇ ಮಾತಾಡುವ ಧಾಟಿಯಲ್ಲಿ, ‘ನನ್ನ ಜನರೇ’ ಎಂದು ಅದು ಮೊದಲಾಗುತ್ತದೆ. ಭಾಷಾವಿಜ್ಞಾನಿ ವಿಲಿಯಂ ಸಮಾರಿನ್ 1972ರ ತಮ್ಮ ಪುಸ್ತಕದಲ್ಲಿ, ಅನ್ಯಭಾಷೆಯ ಧ್ವನಿಗಳು ಆಡುವವರಿಗೆ ಗೊತ್ತಿರುವ ಭಾಷೆಗಳಿಂದಲೇ ಬಂದವು ಎಂದು ತೋರಿಸಿದರು. ಸಭೆಗಳೂ ಹೇಳಿದ ಅರ್ಥವನ್ನು ಪದಕ್ಕೆ ಪದದ ಅನುವಾದವೆಂದು ನೋಡುವುದಿಲ್ಲ. ಹೇಳಿದ ಅರ್ಥ ಬೈಬಲ್ಲಿಗೆ ಹೊಂದಬೇಕು, ಹೊಂದದಿದ್ದರೆ ಅದನ್ನು ತಿದ್ದುವುದು ಪಾಸ್ಟರರ ಹೊಣೆ.