ಛಾಯಾಗ್ರಹಣ: ಹವ್ಯಾಸದಿಂದ ವೃತ್ತಿಗೆ

ಸಿರಿವಂತರ ಬೀರುವಿನಲ್ಲಿ ಬಟ್ಟೆ ಸುತ್ತಿಸಿಕೊಂಡು ಕುಳಿತಿದ್ದ ಕ್ಯಾಮೆರಾ ಇಂದು ಎಲ್ಲರ ಕೈಗೂ ಬಂದಿರಲಾಗಿ, ನಾಲ್ಕು ಒಳ್ಳೆಯ ಚಿತ್ರಗಳನ್ನು ತೆಗೆದು ಬಂಧುಮಿತ್ರರಿಂದ ಭೇಷ್ ಎನ್ನಿಸಿಕೊಂಡ ತರುಣನಿಗೆ, ಇದನ್ನೇ ಏಕೆ ಜೀವನೋಪಾಯವನ್ನಾಗಿ ಮಾಡಿಕೊಳ್ಳಬಾರದೆಂಬ ಆಸೆ ಹುಟ್ಟುವುದು ಸಹಜ. ಆ ಆಸೆ ಗೌರವಕ್ಕೆ ಅರ್ಹವಾದದ್ದು. ಆದರೆ ಹವ್ಯಾಸಿಗೂ ವೃತ್ತಿಪರನಿಗೂ ಇರುವ ಅಂತರವನ್ನು ಅನೇಕರು ಸಲಕರಣೆಯ ಬೆಲೆಯಲ್ಲಿ ಹುಡುಕುತ್ತಾರೆ. ಪ್ರತಿಭೆಯ ತಾರತಮ್ಯದಲ್ಲಿ ಹುಡುಕುವವರೂ ಉಂಟು. ಎರಡೂ ಸರಿಯಲ್ಲ. ಸಂಡೂರಿನ ರಾಜಮನೆತನದವರೂ ರಾಜ್ಯದ ಅರ್ಥಸಚಿವರೂ ಆಗಿದ್ದ ಎಂ. ವೈ. ಘೋರ್ಪಡೆಯವರ ವನ್ಯಜೀವಿ ಚಿತ್ರಗಳನ್ನು ಕಂಡವರು, ಹವ್ಯಾಸಿಯೆಂಬ ಮಾತನ್ನು ಕೀಳುದರ್ಜೆಯ ಸೂಚಕವಾಗಿ ಎಂದೂ ಬಳಸಲಾರರು. ಅಂತರವಿರುವುದು ಹೊಣೆಯಲ್ಲಿ. ಹವ್ಯಾಸಿಯು ತನಗೆ ಒಪ್ಪುವ ಬೆಳಕು ಬರುವವರೆಗೆ ಕಾಯಬಲ್ಲನು, ಬಾರದಿದ್ದರೆ ಬರಿಗೈಯಲ್ಲಿ ಮನೆಗೆ ಮರಳಬಲ್ಲನು. ವೃತ್ತಿಪರನಾದರೋ ಹೇಳಿದ ಹೊತ್ತಿಗೆ, ಹೇಳಿದ ಎಡೆಯಲ್ಲಿ, ಇದ್ದ ಬೆಳಕಿನಲ್ಲಿಯೇ ಚಿತ್ರವನ್ನು ಒದಗಿಸಿಕೊಡಲು ಮಾತುಕೊಟ್ಟವನು.

ನಮ್ಮ ಕಡೆಯ ಮದುವೆಯ ಮಂಟಪದಲ್ಲಿ ಒಳ್ಳೆಯ ಛಾಯಾಗ್ರಾಹಕನು ಕೆಲಸ ಮಾಡುವ ರೀತಿಯನ್ನು ಗಮನಿಸಿದರೆ ಇದು ಮನದಟ್ಟಾಗುತ್ತದೆ. ಅಂತರಪಟವನ್ನು ಹಿಡಿದಾಗಿದೆ, ಆಚೆಗೆ ಹೆಣ್ಣು, ಈಚೆಗೆ ಗಂಡು, ಇಬ್ಬರ ಕೈಯಲ್ಲಿಯೂ ಜೀರಿಗೆ ಬೆಲ್ಲ. ಪುರೋಹಿತರ ಮಂಗಳಾಷ್ಟಕ ಮುಗಿಯುತ್ತಲೇ ಪಟ ಸರಿದು, ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುವ ಆ ಗಳಿಗೆಯಲ್ಲಿ ವಧುವಿನ ಮುಖದ ಮೇಲೆ ಮೂಡುವ ನಗೆಯು ಮತ್ತೆ ಕೇಳಿದರೆ ಬರುವಂಥದಲ್ಲ. ಮಾಂಗಲ್ಯಧಾರಣೆಯಲ್ಲಂತೂ ಕಷ್ಟ ಇನ್ನೂ ಹೆಚ್ಚು: ಗಟ್ಟಿಮೇಳ ಮೊಳಗಿದೊಡನೆ ಸೋದರಮಾವಂದಿರೂ ಅತ್ತಿಗೆಯರೂ ಎದ್ದು ಮುಂದಕ್ಕೆ ಬಾಗುತ್ತಾರೆ, ಹೋಮದ ಹೊಗೆ ಕಣ್ಣಿಗೆ ಅಡರುತ್ತದೆ, ಅಕ್ಷತೆ ಬೀಳುತ್ತಿದ್ದಂತೆ ವಧು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅವಳ ಕಣ್ಣು ಇನ್ನೂ ತೆರೆದಿದ್ದು, ಗಂಟುಹಾಕುವ ಕೈಗಳು ಇನ್ನೂ ಕಾಣುತ್ತಿರುವ ಕಾಲಾವಕಾಶವು ಒಂದೆರಡು ಉಸಿರಿನಷ್ಟು. ಅದನ್ನು ಹಿಡಿಯತಕ್ಕವನು ಪುರೋಹಿತರು ಯಾವ ಪಕ್ಕಕ್ಕೆ ಕುಳಿತುಕೊಳ್ಳುವರೆಂಬುದನ್ನೂ, ಆ ಮನೆತನದ ಶಾಸ್ತ್ರದಲ್ಲಿ ಯಾವುದರ ತರುವಾಯ ಯಾವುದು ಬರುವುದೆಂಬುದನ್ನೂ ಮೊದಲೇ ವಿನಯದಿಂದ ಕೇಳಿ ತಿಳಿದುಕೊಂಡಿರುತ್ತಾನೆ; ಏಕೆಂದರೆ ಜಾತಿಯಿಂದ ಜಾತಿಗೆ, ಊರಿಂದ ಊರಿಗೆ ಈ ಕ್ರಮ ಬೇರೆ. ಬೆಳಕಿನ ಜ್ಞಾನದಷ್ಟೇ ಲೋಕಜ್ಞಾನವೂ ಈ ಕಸುಬಿನ ಬಂಡವಾಳ.

ಈ ಶಿಕ್ಷಣವನ್ನು ಹವ್ಯಾಸಿಗಳ ಸಂಘಗಳಿಂದ ಪೂರ್ತಿಯಾಗಿ ಪಡೆಯಲಾಗದು. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂತಹ ಸಂಸ್ಥೆಗಳು ನಮ್ಮಲ್ಲಿ ಕಣ್ಣಿಗೆ ಸಂಸ್ಕಾರ ನೀಡಿರುವುದು ನಿಸ್ಸಂದೇಹ. ತನ್ನ ಚಿತ್ರವನ್ನು ಹಿರಿಯರ ಮುಂದಿಟ್ಟು, ಚೌಕಟ್ಟಿನ ಅಂಚಿನಲ್ಲಿ ಉಳಿದುಹೋದ ಅನಗತ್ಯವಾದ ಕೊಂಬೆಯೊಂದರ ವಿಷಯವಾಗಿ ನೇರವಾದ ಮಾತನ್ನು ಕೇಳಿಸಿಕೊಳ್ಳುವ ಅಭ್ಯಾಸಕ್ಕೆ ಸಮನಾದ ಪಾಠ ಬೇರೆಯಿಲ್ಲ. ಆದರೆ ಸಲಾನು ಎಂದು ಕರೆಯುವ ಸ್ಪರ್ಧಾಪ್ರದರ್ಶನವು ಬೇಡುವುದು ಒಂದು ಅಪೂರ್ವ ಚಿತ್ರವನ್ನು. ಗಿರಾಕಿಯು ಬೇಡುವುದು ಒಂದೂ ಕೆಡದ ಇನ್ನೂರು ಚಿತ್ರಗಳನ್ನು.

ಕಾಣದ ಕೆಲಸದಲ್ಲಿ ಶ್ರದ್ಧೆಯಿಡುವುದು ವೃತ್ತಿಯ ಮತ್ತೊಂದು ಲಕ್ಷಣ. ಡಾರ್ಕ್‌ರೂಮಿನ ಕಾಲದಲ್ಲಿ, ಹೈಪೋ ಎಂಬ ರಾಸಾಯನಿಕ ದ್ರಾವಣದಿಂದ ತೆಗೆದ ಪ್ರಿಂಟನ್ನು ಹರಿಯುವ ನೀರಿನಲ್ಲಿ ಸಾಕಷ್ಟು ಹೊತ್ತು ತೊಳೆಯದಿದ್ದರೂ ಕೊಟ್ಟ ದಿನ ಅದು ಚೆನ್ನಾಗಿಯೇ ಕಾಣುತ್ತಿತ್ತು. ಹಳದಿಗಟ್ಟಿ ಕಲೆಯೇಳುತ್ತಿದ್ದದ್ದು ವರುಷಗಳು ಕಳೆದ ಮೇಲೆ, ಹಣವೆಲ್ಲ ಸಂದಾಯವಾಗಿ ಹೋದ ಮೇಲೆ. ಕೇಳುವವರಿಲ್ಲದಿದ್ದರೂ ತೊಳೆದವನೇ ಕಸುಬುದಾರ. ಹೆಗಲಿಗೆ ಎರಡನೆಯ ಕ್ಯಾಮೆರಾ, ಒಂದೇ ಚಿತ್ರವನ್ನು ಎರಡು ಕಾರ್ಡುಗಳಲ್ಲಿ ಉಳಿಸುವ ವ್ಯವಸ್ಥೆ, ಎಷ್ಟೇ ದಣಿದಿದ್ದರೂ ಆ ರಾತ್ರಿಯೇ ಎರಡು ಕಡೆ ನಕಲು ತೆಗೆದಿಡುವ ನಿಯಮ: ಇವು ಅದೇ ಶ್ರದ್ಧೆಯ ಇಂದಿನ ರೂಪ.

ಹಣದ ಮಾತಿನಲ್ಲಿ ನಮ್ಮ ಹುಡುಗರು ಅನಗತ್ಯವಾಗಿ ಸಂಕೋಚಪಡುತ್ತಾರೆ. ಚಿತ್ರ ತೆಗೆಯುವ ಹೊತ್ತಿಗೆ ಮಾತ್ರ ಬೆಲೆಕಟ್ಟಿ, ಕೂತು ಆರಿಸುವ, ಬಣ್ಣ ತಿದ್ದುವ, ಆಲ್ಬಂ ಕಟ್ಟಿಸುವ ದಿನಗಳನ್ನು ಲೆಕ್ಕಕ್ಕೆ ತಾರದೆ, ಸವೆಯುವ ಕ್ಯಾಮೆರಾದ ಬೆಲೆಯನ್ನೂ ಮರೆತು ದರ ಹೇಳಿದವನಿಗೆ ವರುಷ ತುಂಬುವುದರೊಳಗೆ ಉತ್ಸಾಹ ಬತ್ತುವುದು. ಕಾನೂನನ್ನೂ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಒಬ್ಬರ ಕೋರಿಕೆಯ ಮೇರೆಗೆ ಹಣ ಪಡೆದು ತೆಗೆದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ತೆಗೆಸಿದವರೇ ಮೊದಲ ಸ್ವಾಮಿಗಳು. ತನ್ನ ಚಿತ್ರದ ಹಕ್ಕು ತನ್ನಲ್ಲಿಯೇ ಉಳಿಯಬೇಕೆನ್ನುವವನು ಮುಂಗಡ ಪಡೆಯುವ ಮುನ್ನವೇ ಕಾಗದದ ಮೇಲೆ ಬರೆಯಿಸಿಕೊಳ್ಳತಕ್ಕದ್ದು.

ಇಷ್ಟೆಲ್ಲ ಕಟ್ಟುಪಾಡುಗಳ ನಡುವೆ ಮೊದಲಿನ ಪ್ರೀತಿ ಉಳಿದೀತೆ ಎಂದು ಅಂಜುವವರಿಗೆ ಮೈಸೂರಿನ ಟಿ. ಎಸ್. ಸತ್ಯನ್ ಅವರ ಬಾಳು ಉತ್ತರವಾಗಿದೆ. 1923ರಲ್ಲಿ ಹುಟ್ಟಿ, ವಿದ್ಯಾರ್ಥಿದೆಸೆಯಲ್ಲಿಯೇ ಕ್ಯಾಮೆರಾಕ್ಕೆ ಮನಸೋತ ಅವರು, 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯನ್ನು ಛಾಯಾಗ್ರಾಹಕರಾಗಿ ಸೇರಿದರು. ಪತ್ರಿಕೆಯೂ ಆ ವರುಷವೇ ಹುಟ್ಟಿದ್ದು. ತರುವಾಯ ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿಯಲ್ಲಿ ದುಡಿದು, ಕಡೆಗೆ ತಿಂಗಳ ಸಂಬಳದ ಆಸರೆಯನ್ನು ಬಿಟ್ಟು ಸ್ವತಂತ್ರವಾಗಿ ಕೆಲಸಮಾಡಿದರು. ಸಿಡುಬು ನಿರ್ಮೂಲನದ ಕಾರ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರಿಸಿದ್ದೂ, ಯುನಿಸೆಫ್‌ಗಾಗಿ ಮಕ್ಕಳ ಚಿತ್ರಗಳನ್ನು ತೆಗೆದದ್ದೂ ಇನ್ನೊಬ್ಬರು ಒಪ್ಪಿಸಿದ ಕೆಲಸಗಳೇ. ಆದರೆ ಅವುಗಳಲ್ಲಿ ಕಾಣುವ ತಾಯಂದಿರೂ ಮಕ್ಕಳೂ, ಸಂತೆಬೀದಿಯ ಸಾಮಾನ್ಯ ಜನರೂ ಅವರ ಸ್ವಂತ ಅಕ್ಕರೆಗೆ ಪಾತ್ರರಾದವರು. ಒಪ್ಪಿಸಿದವರ ಅಗತ್ಯವೂ ತೆಗೆದವರ ಒಲವೂ ಒಂದೇ ಚೌಕಟ್ಟಿನಲ್ಲಿ ಕೂಡಿದ್ದರಿಂದಲೇ ಅವು ವರದಿಯ ಆಯುಷ್ಯವನ್ನು ಮೀರಿ ಉಳಿದಿವೆ. 1977ರಲ್ಲಿ ಪದ್ಮಶ್ರೀ ಬಂದಿತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಅವರು ಕನ್ನಡದಲ್ಲಿ ಬರೆದಿಟ್ಟಿರುವ ‘ಕಾಲಕ್ಕೆ ಕನ್ನಡಿ’ ಎಂಬ ನೆನಪುಗಳ ಪುಸ್ತಕವನ್ನು, ಕೆಲಸ ಬಿಟ್ಟು ಕ್ಯಾಮೆರಾ ಹಿಡಿಯಲು ಹೊರಟಿರುವ ತರುಣ ತರುಣಿಯರು ರಾಜೀನಾಮೆ ಬರೆಯುವ ಮುನ್ನ ಓದಬೇಕೆಂದು ನನ್ನ ಕೋರಿಕೆ.