ತೂಕಕ್ಕೆ ಬಿದ್ದ ಮಣ್ಣುಮುಕ್ಕ

ಹೊರದೇಶಗಳಲ್ಲಿ ಬೋವಾ ಹಾವು ಸಾಕುವವರು ಕೊಳ್ಳುವ ಮೊದಲು ಅದರ ಗಾತ್ರ, ಮೈಕಟ್ಟು, ಬಣ್ಣ ನೋಡುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಬೋವಾ ಕುಲದ ನಮ್ಮದೇ ಹಾವೊಂದಿದೆ: ಮಣ್ಣುಮುಕ್ಕ. ಹಳ್ಳಿಯವರಿಗೆ ಅದು ‘ಎರಡು ತಲಿ ಹಾವು’, ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಮಾಂಡೂಳ. ಇದನ್ನೂ ಗಾತ್ರ, ಬಣ್ಣ ನೋಡಿಯೇ ಆರಿಸುತ್ತಾರೆ; ಆದರೆ ಸಾಕುವುದಕ್ಕಲ್ಲ, ಕದ್ದು ಮಾರುವುದಕ್ಕೆ.

ಮಣ್ಣುಮುಕ್ಕ ದೊಡ್ಡ ಹಾವಲ್ಲ. ಸಾಮಾನ್ಯವಾಗಿ ಎರಡು, ಎರಡೂವರೆ ಅಡಿ. ನಾಲ್ಕಡಿ ಮುಟ್ಟಿದರೆ ಅದೇ ಹೆಚ್ಚು. ಕುತ್ತಿಗೆಯೆಂಬುದೇ ಕಾಣದೆ ಮೈಯೆಲ್ಲ ಒಂದೇ ದಪ್ಪ, ಒನಕೆಯ ಹಾಗೆ. ಬಾಲದ ತುದಿ ಮೊಂಡು. ವೈರಿ ಎದುರಾದರೆ ತಲೆಯನ್ನು ಮೈಸುರುಳಿಯೊಳಗೆ ಅಡಗಿಸಿ ಬಾಲವನ್ನು ಮುಂದೊಡ್ಡುತ್ತದೆ. ಏಟು ಬಿದ್ದರೆ ಬಾಲಕ್ಕೆ ಬೀಳುತ್ತದೆ, ಜೀವ ಉಳಿಯುತ್ತದೆ. ಎರಡನೆಯ ತಲೆಯ ಕಥೆ ಹುಟ್ಟಿದ್ದು ಇಲ್ಲಿಂದ. ಕೆಲವು ಹಾವಾಡಿಗರು ಆ ತುದಿಯಲ್ಲಿ ಕಣ್ಣು, ಬಾಯಿಯ ಗುರುತು ಕೊರೆದು ಜನರನ್ನು ನಂಬಿಸಿದ್ದೂ ಉಂಟು. ಮರಿಯಿದ್ದಾಗ ಕೆಂಪು ಬೆರೆತ ಕಿತ್ತಳೆ ಬಣ್ಣ, ಬಾಲದ ಕಡೆಗೆ ಕಪ್ಪು ಪಟ್ಟೆ. ಬೆಳೆದಂತೆ ಮಾಸಿ ಕಂದಾಗುತ್ತದೆ. ವಿಷವಿಲ್ಲ. ಬಿಲಕ್ಕೆ ನುಗ್ಗಿ ಇಲಿಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ಜೋಳ, ಕಡಲೆ, ಗೋವಿನಜೋಳ ಬೆಳೆಯುವ ರೈತನಿಗೆ ಇದಕ್ಕಿಂತ ಒಳ್ಳೆಯ ಕಾವಲುಗಾರ ಸಿಗುವುದು ಕಷ್ಟ.

ಇಂಥ ಸಾಧು ಜೀವಿಗೆ ತೂಕವೇ ಮುಳುವಾಗಿದೆ. ಇಷ್ಟು ಕಿಲೋ ದಾಟಿದರೆ ಇಷ್ಟು ಲಕ್ಷ, ಇನ್ನೂ ಭಾರವಿದ್ದರೆ ಕೋಟಿ ಎಂದು ದಲ್ಲಾಳಿಗಳು ಆಸೆ ಹುಟ್ಟಿಸುತ್ತಾರೆ. ಮನೆಯಲ್ಲಿದ್ದರೆ ಅದೃಷ್ಟ, ನಿಧಿ ತೋರಿಸುತ್ತದೆ, ರೋಗ ವಾಸಿಯಾಗುತ್ತದೆ ಎಂಬ ಮಾತುಗಳೂ ಜೊತೆಗಿವೆ. ಇವುಗಳಲ್ಲಿ ಒಂದಕ್ಕೂ ಆಧಾರವಿಲ್ಲ. ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿ-ಇಂಡಿಯಾ ಸುದ್ದಿಗಳನ್ನು ಕಲೆಹಾಕಿ ನೋಡಿದಾಗ, 2016ರಿಂದ 2021ರವರೆಗೆ ದೇಶದಲ್ಲಿ ಈ ಹಾವನ್ನು ವಶಪಡಿಸಿಕೊಂಡ 172 ಪ್ರಕರಣಗಳು ಸಿಕ್ಕವು. ಸಿಕ್ಕಿಬೀಳದೆ ದಾಟಿಹೋದವು ಈ ಲೆಕ್ಕದಲ್ಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಮಣ್ಣುಮುಕ್ಕಗಳಲ್ಲಿ ಗಂಡಿಗಿಂತ ಹೆಣ್ಣು ದೊಡ್ಡದು, ದಪ್ಪ. ಇವು ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತವೆ. ಮರಿಗಳು ಮೈಯೊಳಗೆ ತಿಂಗಳುಗಟ್ಟಲೆ ಬೆಳೆಯಬೇಕು. ಭಾರದ ಹಾವನ್ನೇ ಹುಡುಕಿ ಹಿಡಿಯುವವನು ಹೆಚ್ಚಾಗಿ ತಾಯಿ ಹಾವನ್ನೇ ಹೊಲದಿಂದ ಒಯ್ಯುತ್ತಾನೆ. ಅದರೊಂದಿಗೆ ಮುಂದಿನ ಸಂತಾನವೂ ಹೋಗುತ್ತದೆ.

ಮೈಕಟ್ಟು, ಬಣ್ಣಗಳನ್ನು ನಿಜವಾಗಿ ನೋಡಿ ಕಲಿಯಬೇಕಾದವರು ರೈತರು, ಕೂಲಿಕಾರರು. ಮಣ್ಣುಮುಕ್ಕನ ಹತ್ತಿರದ ಬಳಗದ ಇನ್ನೊಂದು ಹಾವು ಗಿಡ್ಡ, ದಪ್ಪ. ಮೈಮೇಲೆ ಅಂಕುಡೊಂಕಾದ ಕಡುಕಂದು ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಚಿಕ್ಕ ಬಾಲ ಒರಟು. ಇದನ್ನು ವಿಷದ ಹಾವಾದ ಕೊಳಕುಮಂಡಲವೆಂದು ಹೊಡೆದು ಸಾಯಿಸುತ್ತಾರೆ. ಅದಕ್ಕಿಂತ ಭಯಂಕರವಾದುದು ತಿರುಗುಮುರುಗು: ಕೊಳಕುಮಂಡಲವನ್ನು ಬಡಪಾಯಿ ಹಾವೆಂದು ಕೈಯಲ್ಲಿ ಹಿಡಿಯುವುದು. ಕೊಳಕುಮಂಡಲದ ತಲೆ ತ್ರಿಕೋನ, ಕುತ್ತಿಗೆ ಸಣ್ಣ, ಬೆನ್ನ ಮೇಲೆ ಕಪ್ಪಂಚಿನ ದುಂಡು ಮಚ್ಚೆಗಳ ಸಾಲು, ಬುಸುಗುಟ್ಟುವುದು ಜೋರು. ಆದರೂ ಗುರುತು ಸಿಕ್ಕಿತೆಂಬ ಧೈರ್ಯದಲ್ಲಿ ಯಾವ ಹಾವನ್ನೂ ಮುಟ್ಟಬಾರದು. ಕಚ್ಚಿದರೆ ಮಂತ್ರ, ನಾಟಿ ಔಷಧಿ ಎನ್ನದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕು.

ಸಾಕುವ ಆಸೆಯ ಬಗ್ಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮಣ್ಣುಮುಕ್ಕನನ್ನು ಹಿಡಿಯುವುದು, ಮಾರುವುದು ಅಪರಾಧ. ಮನೆಯಲ್ಲಿ ಮುದ್ದಿನಿಂದ ಸಾಕಿದ್ದೇನೆಂದರೂ ವಿನಾಯಿತಿಯಿಲ್ಲ. ಅಮೆರಿಕ ಖಂಡದ ಬೋವಾ ಕನ್‌ಸ್ಟ್ರಿಕ್ಟರ್ ಬೇಕೆನ್ನುವವರಿಗೆ 2022ರ ತಿದ್ದುಪಡಿಯ ನಂತರ ನೋಂದಣಿ ಕಡ್ಡಾಯ. ಅದು ಆರೇಳು ಅಡಿ ದಾಟಿ ಬೆಳೆಯುತ್ತದೆ, ಇಪ್ಪತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಮರಿಯ ಬಣ್ಣಕ್ಕೆ ಮರುಳಾಗಿ ತಂದವರು ಇದನ್ನೆಲ್ಲ ಯೋಚಿಸಿರುವುದಿಲ್ಲ.

ಬಿತ್ತನೆಗೆ ಹೊಲ ಹದಮಾಡುವಾಗ ಮಣ್ಣುಮುಕ್ಕ ಮೇಲೆ ಬಂದರೆ ಟ್ರ್ಯಾಕ್ಟರ್ ನಿಲ್ಲಿಸಿ, ಅದು ಬದುವಿನ ಕಡೆ ಸರಿದುಹೋಗಲು ಬಿಡಿ. ತೂಕ ಕೇಳಿಕೊಂಡು ಊರಿಗೆ ಬರುವ ದಲ್ಲಾಳಿಯ ಸುದ್ದಿ ತಿಳಿದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.