ವಿದೇಶಿ ಡಿಗ್ರಿಯ ಸಾಲ, ಕಬ್ಬಿನ ಲೆಕ್ಕ

25 ಲಕ್ಷ ಸಾಲ ಮಾಡಿ ಇಂಗ್ಲೆಂಡಿನಲ್ಲಿ ಇಂಟರ್‌ನ್ಯಾಷನಲ್ ಬಿಸಿನೆಸ್ ಓದಬಹುದೇ? ಗೋಕಾಕದ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದ ನನ್ನನ್ನು ಜನ ಈಗಲೂ ಹುಡುಕಿಕೊಂಡು ಬಂದು ಕೇಳುವ ಪ್ರಶ್ನೆ ಇದು. ಮೂಡಲಗಿ ಕಡೆಯ ರೈತರೊಬ್ಬರು ಮಗಳ ಪ್ರವೇಶಪತ್ರ ಹಿಡಿದು ಬಂದಿದ್ದರು. ‘ಸಾಹೇಬ್ರ, ಛಲೋ ಪಗಾರ ಸಿಗತೈತಿ ಅಂತಾರ. ಸಾಲ ತೀರತೈತೇನ್ರಿ?’

ಮಗಳನ್ನೂ ಕೂರಿಸಿಕೊಂಡು ಲೆಕ್ಕಕ್ಕೆ ಕೂತೆವು. ಸಾಲಗಾರ್ತಿ ಆಕೆ, ತಂದೆ ಸಹ-ಸಾಲಗಾರ. ಇಬ್ಬರಿಗೂ ಲೆಕ್ಕ ತಿಳಿದಿರಬೇಕು.

25 ಲಕ್ಷಕ್ಕೆ ಶೇ 10ರ ಬಡ್ಡಿ ಹಿಡಿದೆವು. ಓದುವ ಒಂದು ವರ್ಷ, ಆಮೇಲೆ ಇನ್ನೊಂದು ವರ್ಷ ಕಂತು ಕಟ್ಟಬೇಕಿಲ್ಲ. ಕಂತಿಲ್ಲವೆಂದರೆ ಬಡ್ಡಿಯೂ ಇಲ್ಲ ಎಂದುಕೊಂಡವರೇ ಹೆಚ್ಚು. ಬಡ್ಡಿ ಮಾತ್ರ ಹಣ ಬಿಡುಗಡೆಯಾದ ದಿನದಿಂದಲೇ ಓಡುತ್ತದೆ. ಎರಡು ವರ್ಷಕ್ಕೆ 5 ಲಕ್ಷ ಬಡ್ಡಿ ಸೇರಿ ಸಾಲ 30 ಲಕ್ಷವಾಗುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 39,600 ರೂಪಾಯಿ ಕಂತು; ಒಟ್ಟು ಕಟ್ಟುವುದು 47 ಲಕ್ಷಕ್ಕೂ ಹೆಚ್ಚು.

ರೈತರಿಗೆ ಇದು ಕಬ್ಬಿನಲ್ಲಿ ಹೇಳಿದಾಗಲೇ ಮನಸ್ಸಿಗೆ ಹತ್ತಿದ್ದು. 2025ರ ನವೆಂಬರ್‌ನಲ್ಲಿ ಅವರ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲೇ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹೋರಾಟಕ್ಕೆ ಕೂತಿದ್ದರು; ಕೊನೆಗೆ ಸರ್ಕಾರ 3,300 ಎಂದಿತು. ಆ ದರದಲ್ಲಿ ಒಂದು ವರ್ಷದ ಕಂತಿಗೇ 144 ಟನ್ ಕಬ್ಬು ಬೇಕು. ಎಕರೆಗೆ 40 ಟನ್ ತೆಗೆಯುವವರಿಗೂ ಅದು ಮೂರೂವರೆ ಎಕರೆಗೂ ಹೆಚ್ಚಿನ ಬೆಳೆ, ಅದೂ ಗೊಬ್ಬರ, ಆಳಿನ ಖರ್ಚು ಕಳೆಯದೆ. ಇನ್ನೊಂದು ತೊಡಕಿದೆ. ಕಾರ್ಖಾನೆಯ ಬಿಲ್ಲು ಬರುವುದು ಹಂಗಾಮಿನಲ್ಲಿ, ಕಂತು ಬರುವುದು ಪ್ರತಿ ತಿಂಗಳು. ಬಿಲ್ಲು ತಡವಾಗಿ ಕಂತು ತಪ್ಪಿದರೆ ತಂದೆ-ಮಗಳು ಇಬ್ಬರ ಸಿಬಿಲ್ ಅಂಕವೂ ಕೆಡುತ್ತದೆ.

7.5 ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಹೊಲದ ಉತಾರ ತಂದರೆ ಬಹುತೇಕ ಒಪ್ಪುವುದಿಲ್ಲ; 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಸಾಲ ಕೆಟ್ಟರೆ ಅದರಡಿ ಹೊಲ ಹರಾಜು ಹಾಕಲಾಗದು. ಆದ್ದರಿಂದ ಅಡ ಬೀಳುವುದು ಇರುವ ಮನೆ, ಇಲ್ಲವೇ ಎನ್‌ಎ (ಕೃಷಿಯೇತರ) ಆದ ಪ್ಲಾಟು. ಪಿಕೆಪಿಎಸ್‌ನಲ್ಲಿ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ) 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಪಡೆದು ರೂಢಿಯಾದ ಕುಟುಂಬಗಳು ಈ ಸಾಲವನ್ನೂ ಅದೇ ಧೈರ್ಯದಲ್ಲಿ ತೆಗೆದುಕೊಳ್ಳುವುದು ಕಂಡು ನನಗೆ ಭಯವಾಗುತ್ತದೆ.

ಇನ್ನು ಗಳಿಕೆ. ಬ್ರಿಟನ್ನಿನಲ್ಲಿ ಓದು ಮುಗಿಸಿದವರಿಗೆ ಕೆಲಸ ಹುಡುಕಲು ಎರಡು ವರ್ಷ ಇರಲು ಬಿಡುತ್ತಾರೆ. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಆಮೇಲೂ ಉಳಿಯಲು ನುರಿತ ಕೆಲಸಗಾರರ ವೀಸಾ ಬೇಕು. ಅದಕ್ಕೆ 2025ರ ಜುಲೈಯಿಂದ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ, ಹೊಸಬರಿಗೆ 33,400 ಪೌಂಡ್ ಇರಬೇಕು. ಪೌಂಡಿಗೆ 115 ರೂಪಾಯಿ ಹಿಡಿದರೆ ಹೊಸಬರ ಆ ಸಂಬಳವೇ ವರ್ಷಕ್ಕೆ ಸುಮಾರು 38 ಲಕ್ಷ. ಅಂಥ ಕೆಲಸ ಸಿಕ್ಕರೆ ಸಾಲ ಬೇಗ ಹರಿಯುತ್ತದೆ, ಸಂಶಯವಿಲ್ಲ. ಆದರೆ ನರ್ಸಿಂಗ್‌ನಂತೆ ಈ ಡಿಗ್ರಿಗೆ ಗೊತ್ತಾದ ಒಂದು ಹುದ್ದೆ ಇಲ್ಲ. ಮಾರಾಟ, ಸರಕು ಸಾಗಣೆ, ಲೆಕ್ಕಪತ್ರ, ಎಲ್ಲೆಡೆ ಅಲ್ಲಿಯವರೊಂದಿಗೇ ಪೈಪೋಟಿ. ಕೆಲಸ ಸಿಗದೆ ಮರಳಿದ ನಮ್ಮ ಕಡೆಯ ಮಕ್ಕಳಿಗೆ ಬೆಂಗಳೂರು, ಪುಣೆಯಲ್ಲಿ ಮೊದಲು ಸಿಕ್ಕಿದ್ದು, ನಾನು ಕಂಡಂತೆ, ತಿಂಗಳಿಗೆ 35–40 ಸಾವಿರ. ಪೂರ್ತಿ ಕಂತಿಗೇ ಹೋಯಿತು.

ಆದ್ದರಿಂದ ನನ್ನ ಅಳತೆ ಇಷ್ಟೇ: ಮರಳಿ ಬಂದರೆ ಸಿಗುವ ಪಗಾರದ ಮೂರನೇ ಒಂದು ಭಾಗದಲ್ಲಿ ಕಂತು ಮುಗಿಯಬೇಕು. 36 ಸಾವಿರ ಪಗಾರವಾದರೆ ಕಂತು 12 ಸಾವಿರ, ಬಡ್ಡಿ ಸೇರಿದ ಸಾಲ ಸುಮಾರು 9 ಲಕ್ಷ. ಅಷ್ಟರಲ್ಲಿ ಇಂಗ್ಲೆಂಡ್ ಮುಗಿಯದು, ದೇಶದೊಳಗಿನ ಒಳ್ಳೆಯ ಕಾಲೇಜು ಮುಗಿಯಬಹುದು. ಕೇಂದ್ರದ ಪಿಎಂ-ವಿದ್ಯಾಲಕ್ಷ್ಮಿಯಲ್ಲಿ 8 ಲಕ್ಷದೊಳಗೆ ವಾರ್ಷಿಕ ಆದಾಯವಿರುವ ಮನೆಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಇದೆ. ಅದು ದೇಶದ ಆಯ್ದ ಸಂಸ್ಥೆಗಳಿಗೆ ಮಾತ್ರ, ವಿದೇಶದ ಓದಿಗೆ ಇಲ್ಲ.

ವಿದೇಶಿ ವ್ಯಾಪಾರವೇನೂ ನಮ್ಮಿಂದ ದೂರವಿಲ್ಲ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ಏಕಸ್ ಎಸ್‌ಇಝಡ್‌ನಿಂದ ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಬಿಡಿಭಾಗ ಹೋಗುತ್ತವೆ. ಲೆಟರ್ ಆಫ್ ಕ್ರೆಡಿಟ್, ಕಸ್ಟಮ್ಸ್ ಕಾಗದಪತ್ರದ ಕೆಲಸವನ್ನು ಬಿ.ಕಾಂ. ಮುಗಿಸಿ ಎರಡು ವರ್ಷ ಇಂಥ ಕಡೆ ಮಾಡಿದವರು ಆಮೇಲೆ ವಿದೇಶಕ್ಕೆ ಹೋದರೆ ಕೆಲಸ ಕೇಳುವ ಬಲ ಬೇರೆಯೇ ಇರುತ್ತದೆ.

ಹೆಣ್ಣುಮಗಳಿಗೆ ಇಷ್ಟು ಖರ್ಚೇಕೆ ಎನ್ನುವವರು ಈ ಲೆಕ್ಕವನ್ನು ನೆಪ ಮಾಡಿಕೊಳ್ಳಬಾರದು. ಮಗನಿಗೂ ಇದೇ ಅಳತೆ ಹಿಡಿಯಿರಿ. ಮತ್ತು ಸಹಿ ಮಾಡುವ ಮುನ್ನ, ಬಡ್ಡಿ ಸೇರಿದ ಮೇಲಿನ ತಿಂಗಳ ಕಂತು ಎಷ್ಟು ಎಂದು ಬ್ಯಾಂಕಿನಿಂದ ಬರೆಸಿಕೊಂಡು ಮನೆಮಂದಿಯೆಲ್ಲ ಕೂತು ನೋಡಿ.